ಓಬವ್ವ 'ಓಬವ' ಆದಾಗ: ಕೆಟ್ಟು ಕಾಣುವ ಪುಟವನ್ನು ಸರಿಮಾಡುವುದು ಹೇಗೆ?

ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆಂದು ನಾನೊಂದು ಚಿಕ್ಕ ಜಾಲತಾಣ ಮಾಡಿದ್ದೇನೆ. ಎಲ್ಲಿಂದ ಹತ್ತಬೇಕು, ಓಬವ್ವನ ಕಿಂಡಿ ಎಲ್ಲಿದೆ, ಬೇಸಿಗೆಯಲ್ಲಿ ಎಷ್ಟು ಹೊತ್ತಿಗೆ ಹೊರಡಬೇಕು, ಇಷ್ಟೇ ಅದರಲ್ಲಿರುವುದು. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ದಿನ ಹಿರಿಯೂರಿನಿಂದ ಅಕ್ಕ ಫೋನ್ ಮಾಡಿದಳು. "ತಮ್ಮಾ, ಇದೇನೋ 'ಏಳು ಸುತಿನ ಕೋಟೆ' ಅಂತ ಬರೆದಿದೀಯ? ಪುಟ ಬೇರೆ ಪಕ್ಕಕ್ಕೆ ಜಾರುತ್ತೆ ಕಣೋ!" ನಾನು ಬರೆದದ್ದು 'ಸುತ್ತಿನ' ಅಂತಲೇ. ಅವಳ ಫೋನಿನಲ್ಲಿ ಒತ್ತಕ್ಷರ ಕತ್ತರಿಸಿ ಹೋಗಿತ್ತು. ಕೆಳಗಿನ ಶೀರ್ಷಿಕೆಯಲ್ಲಿ ಓಬವ್ವ 'ಓಬವ' ಆಗಿದ್ದಳು.

ಇಂಥ ತೊಂದರೆ ಕನ್ನಡದಲ್ಲಿ ಪುಟ ಮಾಡುವ ಬಹಳ ಜನಕ್ಕೆ ಇದೆ. ಸರಿಮಾಡಲು ದೊಡ್ಡ ಓದು ಬೇಕಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

ಮೊದಲು ತೊಂದರೆ ಪುಟದ್ದೋ ಬ್ರೌಸರಿನದೋ ನೋಡಿ

ಕಂಟ್ರೋಲ್ ಜೊತೆ ಸೊನ್ನೆ ಒತ್ತಿ. ಝೂಮ್ 100ಕ್ಕೆ ಬರುತ್ತದೆ. ಎಷ್ಟೋ ಸಲ ತಪ್ಪಿರುವುದು ಇಲ್ಲೇ. ಆಮೇಲೆ ಕಂಟ್ರೋಲ್, ಶಿಫ್ಟ್, ಆರ್ ಮೂರೂ ಒಟ್ಟಿಗೆ ಒತ್ತಿ. ಪುಟದ ಬಣ್ಣ, ಅಳತೆ, ಜೋಡಣೆ ಹೇಗಿರಬೇಕೆಂದು ಹೇಳುವುದು ಸಿಎಸ್‌ಎಸ್ ಫೈಲು. ಬ್ರೌಸರ್ ಅದರ ಹಳೆಯ ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ, ಇದಕ್ಕೆ ಕ್ಯಾಶ್ ಅನ್ನುತ್ತಾರೆ. ಹೀಗೆ ಒತ್ತಿದರೆ ಅದನ್ನು ಬಿಟ್ಟು ಹೊಸದನ್ನು ತರುತ್ತದೆ. ಆಗಲೂ ಸರಿಹೋಗದಿದ್ದರೆ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸರಿ ಕಂಡರೆ ಕ್ಯಾಶ್ ಅಥವಾ ಬ್ರೌಸರಿಗೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಷನ್ ತಂಟೆ ಮಾಡುತ್ತಿದೆ ಅಂತ ಅರ್ಥ. ಅಲ್ಲೂ ಕೆಟ್ಟಿದ್ದರೆ ಪುಟದ ಒಳಗೇ ಹುಡುಕಬೇಕು.

ಪುಟ ಪಕ್ಕಕ್ಕೆ ಜಾರುತ್ತಿದ್ದರೆ

ಕ್ರೋಮ್‌ನಲ್ಲಿ ಎಫ್12 ಒತ್ತಿ, ಬಳಿಕ ಕಂಟ್ರೋಲ್, ಶಿಫ್ಟ್, ಎಂ ಒತ್ತಿ. ಪುಟ ಫೋನಿನ ಅಳತೆಗೆ ಕುಗ್ಗುತ್ತದೆ. ಅಗಲವನ್ನು 360 ಪಿಕ್ಸೆಲ್‌ಗೆ ಇಡಿ. ಅಕ್ಷರಗಳೆಲ್ಲ ಇರುವೆಯಷ್ಟು ಚಿಕ್ಕದಾಗಿ ಕಂಡರೆ ಪುಟದ ಅಗಲ ಎಷ್ಟೆಂದು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಎಂಬ ಸಾಲು ಬಿಟ್ಟುಹೋಗಿದೆ. ಆ ಸಾಲು ಇಲ್ಲದಿದ್ದರೆ ಫೋನಿನ ಬ್ರೌಸರ್ ಪುಟ ಸುಮಾರು 980 ಪಿಕ್ಸೆಲ್ ಅಗಲ ಇದೆ ಅಂದುಕೊಂಡು ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ. ಪುಟದ ಕೋಡ್‌ನ ಮೇಲ್ಗಡೆ ಇರುವ ಹೆಡ್ ಭಾಗದಲ್ಲಿ ಆ ಟ್ಯಾಗ್ ಹಾಕಿ, ಅದರಲ್ಲಿ ವಿಡ್ತ್‌ಗೆ (ಅಗಲಕ್ಕೆ) ಡಿವೈಸ್-ವಿಡ್ತ್ ಅಂತ ಕೊಡಿ.

ಟ್ಯಾಗ್ ಇದ್ದೂ ಜಾರುತ್ತಿದ್ದರೆ ಏನೋ ಒಂದು ಪರದೆಗಿಂತ ಅಗಲವಾಗಿದೆ. ಅದನ್ನು ಹಿಡಿಯಲು ನಾನು ಮಾಡುವುದು ಇಷ್ಟೇ. ಸಿಎಸ್‌ಎಸ್‌ನಲ್ಲಿ ನಕ್ಷತ್ರ ಚಿಹ್ನೆ ಬರೆದು, ಅದಕ್ಕೆ 1 ಪಿಕ್ಸೆಲ್‌ನ ಕೆಂಪು ಔಟ್‌ಲೈನ್ ಕೊಡುತ್ತೇನೆ. ಪುಟದಲ್ಲಿರುವ ಪ್ರತಿಯೊಂದರ ಸುತ್ತ ಕೆಂಪು ಗೆರೆ ಬೀಳುತ್ತದೆ. ಹೊರಗೆ ಚಾಚಿಕೊಂಡದ್ದು ಕಣ್ಣಿಗೆ ಹೊಡೆದು ಕಾಣುತ್ತದೆ. ಬಾರ್ಡರ್ ಕೊಡಬೇಡಿ, ಅದು ತಾನೇ ಜಾಗ ತಿನ್ನುತ್ತದೆ. ಔಟ್‌ಲೈನ್ ತಿನ್ನುವುದಿಲ್ಲ.

ನನ್ನ ಪುಟದಲ್ಲಿ ಸಿಕ್ಕಿಬಿದ್ದದ್ದು 1200 ಪಿಕ್ಸೆಲ್ ಅಗಲದ ಕೋಟೆ ಗೋಡೆಯ ಫೋಟೊ. ಚಿತ್ರಗಳಿಗೆ ಮ್ಯಾಕ್ಸ್-ವಿಡ್ತ್ 100 ಪರ್ಸೆಂಟ್, ಹೈಟ್ ಆಟೋ ಅಂತ ಕೊಟ್ಟೆ, ಒಳಗೆ ಕೂತಿತು. ಇನ್ನೊಂದು ಕಡೆ ಪದಗಳೇ ಜಾರಿದ್ದವು. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸುವಾಗ ಮಾಮೂಲಿ ಸ್ಪೇಸ್ ಬದಲು ಸಾಲು ಮುರಿಯದಂತೆ ತಡೆಯುವ ಸ್ಪೇಸ್ ಬಂದುಬಿಟ್ಟಿತ್ತು. ಇಡೀ ವಾಕ್ಯ ಒಂದೇ ಪದವೆಂದು ಬ್ರೌಸರ್ ತಿಳಿದಿತ್ತು. ಅಂಥ ಸ್ಪೇಸ್ ಅಳಿಸಿ ಮತ್ತೆ ಟೈಪ್ ಮಾಡಿದರೆ ಸಾಕು.

ಸೈಡ್‌ಬಾರ್, ಅಂದರೆ ಪುಟದ ಪಕ್ಕದ ಪಟ್ಟಿ, ಕೆಳಗೆ ಬಿದ್ದಿದೆಯಾ? ಹಳೆಯ ಥೀಮ್‌ಗಳಲ್ಲಿ (ಸಿದ್ಧ ವಿನ್ಯಾಸಗಳಲ್ಲಿ) ಇದು ಜಾಸ್ತಿ. ಲೆಕ್ಕ ಹಾಕಿ. ಪುಟ 1000 ಪಿಕ್ಸೆಲ್, ಬರಹಕ್ಕೆ 700, ಸೈಡ್‌ಬಾರ್‌ಗೆ 300. ಎರಡಕ್ಕೂ ಅಕ್ಕಪಕ್ಕ 15 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟರೆ 730, 330 ಆಗಿ ಒಟ್ಟು 1060. ಜಾಗ ಸಾಲದೆ ಸೈಡ್‌ಬಾರ್ ಕೆಳಗಿಳಿಯುತ್ತದೆ. ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಮಾಡಿದರೆ ಪ್ಯಾಡಿಂಗ್ 700ರ ಒಳಗೇ ಲೆಕ್ಕವಾಗುತ್ತದೆ. ಆದರೂ ಬಿದ್ದೇ ಇದ್ದರೆ ಪುಟವನ್ನು ಭಾಗಗಳಾಗಿ ವಿಂಗಡಿಸುವ ಡಿವ್ ಟ್ಯಾಗ್ ಯಾವುದಾದರೂ ಮುಚ್ಚದೆ ಉಳಿದಿದೆಯಾ ಹುಡುಕಿ.

ಅಕ್ಷರವೇ ಕೆಟ್ಟಿದ್ದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಥೀಮ್‌ಗಳನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿರುತ್ತಾರೆ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು ಜಿ, ವೈ ಮೊದಲಾದ ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಒತ್ತಕ್ಷರವೇ ಇಳಿಯುತ್ತದೆ, 'ರಾಷ್ಟ್ರ'ದಲ್ಲಿ ಎರಡೆರಡು. ನನ್ನ ಥೀಮ್‌ನಲ್ಲಿ ಶೀರ್ಷಿಕೆಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇತ್ತು. ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದು, ಹೊರಗೆ ಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಅಂತ ಬೇರೆ ಹಾಕಿದ್ದರು. ನನ್ನ ಲ್ಯಾಪ್‌ಟಾಪಿನ ಫಾಂಟ್‌ನಲ್ಲಿ ಒತ್ತು ಹೇಗೋ ಹಿಡಿಸಿತ್ತು. ಅಕ್ಕನ ಫೋನಿನ ಫಾಂಟ್‌ನಲ್ಲಿ ಅದು ಇನ್ನೂ ಕೆಳಗೆ ಇಳಿಯುತ್ತಿದ್ದರಿಂದ ಕತ್ತರಿಸಿ ಹೋಯಿತು. ಎತ್ತರ ಬಿಗಿದಿದ್ದ ಸಾಲನ್ನು ಅಳಿಸಿದೆ. ಲೈನ್-ಹೈಟ್ 1.7 ಮಾಡಿದೆ, ಪಿಕ್ಸೆಲ್ ಅಂತ ಸೇರಿಸದೆ ಬರೀ ಅಂಕಿ. ಹಾಗೆ ಕೊಟ್ಟರೆ ಅಕ್ಷರ ದೊಡ್ಡದಾದಂತೆ ಸಾಲಿನ ಜಾಗವೂ ದೊಡ್ಡದಾಗುತ್ತದೆ. ಅಕ್ಷರಗಳ ನಡುವೆ ಅಂತರ ಬಿಡುವ ಲೆಟರ್-ಸ್ಪೇಸಿಂಗ್ ಇದ್ದರೆ ಅದನ್ನೂ ತೆಗೆದುಬಿಡಿ. ಕನ್ನಡದ ಪದವನ್ನು ಹಿಂಜಿ ಎಳೆದರೆ ಓದುವವರಿಗೆ ಹಿಂಸೆ.

ಅಕ್ಷರದ ಬದಲು ಖಾಲಿ ಚೌಕ ಬಂದರೆ ಆ ಸಾಧನದಲ್ಲಿ ಕನ್ನಡ ಫಾಂಟ್ ಸಿಗುತ್ತಿಲ್ಲ. ನೋಟೊ ಸಾನ್ಸ್ ಕನ್ನಡವನ್ನು ಪುಟದ ಜೊತೆಗೇ ಕೊಡಿ, ಉಚಿತವಾಗಿ ಸಿಗುತ್ತದೆ. ತಲೆಯ ಮೇಲೆ ಗೀರು ಇರುವ ಇಂಗ್ಲಿಷ್ 'ಎ' ಮತ್ತೆ ಮತ್ತೆ ಕಂಡರೆ ರೋಗ ಬೇರೆ. ಪಠ್ಯ ಯುಟಿಎಫ್-8 ಎಂಬ ಸಂಕೇತದಲ್ಲಿದೆ, ಬ್ರೌಸರ್ ಅದನ್ನು ಬೇರೆ ಸಂಕೇತದಲ್ಲಿ ಓದುತ್ತಿದೆ. ಹೆಡ್ ಭಾಗದ ಮೊದಲಲ್ಲೇ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ಬರೆಯಿರಿ. ಮಾಮೂಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದನ್ನು ಯುನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು, ಬೇರೆ ದಾರಿ ಇಲ್ಲ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಶೀರ್ಷಿಕೆಯ ಜಾಗದಲ್ಲಿ 'ರಾಷ್ಟ್ರ, ಸ್ತ್ರೀ, ಕೃಷ್ಣ, ದುರ್ಗ, ಓಬವ್ವ' ಅಂತ ಟೈಪ್ ಮಾಡಿ. ಮನೆಯಲ್ಲಿರುವ ಎಲ್ಲಕ್ಕಿಂತ ಹಳೆಯ ಫೋನಿನಲ್ಲಿ ತೆರೆದು, ಮೇಲಿನ ಗುಡಿಸು ಮತ್ತು ಕೆಳಗಿನ ಒತ್ತು ಎರಡೂ ಪೂರ್ತಿ ಇವೆಯಾ ನೋಡಿ. ದೂರದವರ ಫೋನಾದರೆ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಜೊತೆಗೆ ಫೋನ್ ಮತ್ತು ಬ್ರೌಸರಿನ ಹೆಸರು ಕೇಳಿ. ನಾನು ಅಕ್ಕನಿಂದ ಎರಡು ತರಿಸಿದೆ. ಮೊದಲನೆಯದರಲ್ಲಿ 'ಸ್ತ್ರೀ' ಇನ್ನೂ ಕೆಳಗೆ ಸ್ವಲ್ಪ ತಾಗುತ್ತಿತ್ತು. ಲೈನ್-ಹೈಟ್ 1.8 ಮಾಡಿದೆ. ಎರಡನೆಯದರಲ್ಲಿ ಓಬವ್ವನ ಒತ್ತು ಪೂರ್ತಿ ಕಾಣುತ್ತಿತ್ತು.