ಚಳಿಗಾಲದ ಪ್ರಾಗ್: ಶನಿವಾರ ಕೋಟೆ, ಭಾನುವಾರ ಯೆಹೂದಿ ಕೇರಿ

ನಾನು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಮೊದಲ ಸಲ ಹೋದದ್ದು ಒಂದು ಜನವರಿಯ ವಾರಾಂತ್ಯದಲ್ಲಿ. ಶನಿವಾರ ಬೆಳಿಗ್ಗೆ ಉತ್ಸಾಹದಿಂದ ಹಳೆಯ ಯೆಹೂದಿ ಕೇರಿ ಯೋಸೆಫೊವ್‌ಗೆ ನಡೆದೆ. ಸಿನಗಾಗ್‌ಗಳ, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರಗಳ, ಬಾಗಿಲು ಹಾಕಿತ್ತು. ಶನಿವಾರ ಯೆಹೂದಿಗಳ ಶಬ್ಬತ್, ವಾರದ ವಿಶ್ರಾಂತಿ ದಿನ ಎಂದು ಗೊತ್ತಿದ್ದೂ ಹೊಳೆದಿರಲಿಲ್ಲ. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ ಕೋಟೆಯೊಳಗಿನ ಸಂತ ವೀಟಸ್ ಕೆಥೆಡ್ರಲ್ ಮುಂದೆ ನಿಂತರೆ ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆಯೇ ಪ್ರವೇಶ. ನನ್ನ ರೈಲು ಹನ್ನೆರಡೂವರೆಗೆ! ಎರಡು ಧರ್ಮಗಳು ಸೇರಿ ನನ್ನನ್ನು ಎರಡು ದಿನವೂ ಹೊಸ್ತಿಲ ಆಚೆಯೇ ನಿಲ್ಲಿಸಿದ್ದವು. ಈ ಊರಿಗೆ ಎರಡೇ ದಿನ ಕೊಡುವವರು ಶನಿವಾರ ಕೋಟೆ, ಭಾನುವಾರ ಯೋಸೆಫೊವ್ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಆಮೇಲೆ ಬೆಳಕಿನ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟರ ಹೊತ್ತಿಗೆ, ಮುಳುಗುವುದು ನಾಲ್ಕಕ್ಕೆ. ಇದನ್ನು ನಷ್ಟವೆಂದುಕೊಳ್ಳಬೇಡಿ, ನನ್ನಂಥ ಸೋಮಾರಿಗಳಿಗೆ ಇದು ವರ. ಬೇಸಿಗೆಯಲ್ಲಿ ಚಾರ್ಲ್ಸ್ ಸೇತುವೆಯ ಮೇಲೆ ಸೂರ್ಯೋದಯ ನೋಡಬೇಕಾದರೆ ಐದಕ್ಕೂ ಮುಂಚೆ ಅಲ್ಲಿರಬೇಕು. ಚಳಿಗಾಲದಲ್ಲಿ ಏಳೂವರೆಗೆ ಹೋದರೂ ದೀಪಗಳು ಇನ್ನೂ ಉರಿಯುತ್ತಿರುತ್ತವೆ. 1357ರಲ್ಲಿ ಕಟ್ಟಲು ಶುರುವಾದ ಈ ಸೇತುವೆಯ ಮೇಲೆ 30 ಪ್ರತಿಮೆಗಳಿವೆ. ತಲೆಯ ಮೇಲೆ ಹಿಮ ಹೊತ್ತು ನಿಂತಾಗ ಸಂತರೂ ನಮ್ಮಂತೆಯೇ ನಡುಗುತ್ತಿರುವಂತೆ ಕಾಣುತ್ತದೆ. ಸಂತ ನೆಪೋಮುಕ್‌ನ ಪ್ರತಿಮೆಯ ಕೆಳಗಿನ ಕಂಚಿನ ಫಲಕ ಸವರಿಸಿಕೊಂಡು ಸವರಿಸಿಕೊಂಡು ಚಿನ್ನದಂತೆ ಹೊಳೆಯುತ್ತದೆ. ನಾನೂ ಕೈಗವಸು ಕಳಚಿ ಮುಟ್ಟಿದೆ. ಲೋಹ ಬೆರಳನ್ನು ಕಚ್ಚಿತು.

ಅಲ್ಲಿಂದ ಕೋಟೆಗೆ ನಡೆದು ಹತ್ತಬೇಡಿ. ಮಾಲೊಸ್ಟ್ರಾನ್ಸ್ಕಾ ನಿಲ್ದಾಣದಲ್ಲಿ 22ನೇ ನಂಬರಿನ ಟ್ರಾಂ ಹತ್ತಿ ಪ್ರಾಜ್ಸ್ಕಿ ಹ್ರಾಡ್‌ನಲ್ಲಿ ಇಳಿಯಿರಿ. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತಿದ ತಕ್ಷಣ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ಚಳಿಗಾಲದಲ್ಲಿ ಕೋಟೆಯ ಒಳಗಿನ ಕಟ್ಟಡಗಳು ನಾಲ್ಕಕ್ಕೆ ಮುಚ್ಚುತ್ತವೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಕೆಥೆಡ್ರಲ್ ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮನೆ ಕಟ್ಟಿಸಿ ಗುತ್ತಿಗೆದಾರನ ಕಾಟ ಅನುಭವಿಸಿದವರಿಗೆ ಈ ಎರಡು ಇಸವಿಗಳು ಸಮಾಧಾನ ಕೊಡಬಹುದು. ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ಚಿತ್ರಿಸಿದ ಗಾಜಿನ ಕಿಟಕಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಫೋನನ್ನು ಮಾತ್ರ ಒಳಜೇಬಿನಲ್ಲಿಡಿ, ಚಳಿಗೆ ಅದರ ಬ್ಯಾಟರಿ ಬೇಗ ಸಾಯುತ್ತದೆ.

ಇಳಿಯುವುದು ನೆರುಡೋವಾ ಬೀದಿಯಲ್ಲಿ. ಇಳಿಜಾರು, ಅದರ ಮೇಲೆ ಕಲ್ಲುಹಾಸು, ಅದರ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ. ನಯವಾದ ಅಡಿಯ ಚರ್ಮದ ಬೂಟು ಹಾಕಿಕೊಂಡಿದ್ದ ನಾನು ಒಂದು ಅಂಗಡಿಯ ಮೆಟ್ಟಿಲವರೆಗೂ ಕುಳಿತೇ ಜಾರಿದೆ. ಪಕ್ಕದಲ್ಲೇ ಚೀಲ ಹಿಡಿದ ಅಜ್ಜಿಯೊಬ್ಬರು ಪಾದ ಪೂರ್ತಿ ಊರಿ, ಮೊಣಕಾಲು ತುಸು ಬಾಗಿಸಿ, ಗೇಣುದ್ದದ ಹೆಜ್ಜೆ ಹಾಕುತ್ತ ನನ್ನನ್ನು ದಾಟಿ ಹೋದರು. ಉಳಿದ ದಾರಿ ಅವರ ಹಿಂದೆ ಅವರಂತೆಯೇ ನಡೆದೆ. ದುಬಾರಿ ಕೋಟಿಗಿಂತ ಆಳವಾದ ಗೀರುಗಳಿರುವ ರಬ್ಬರ್ ಅಡಿಯ ಬೂಟಿಗೆ ದುಡ್ಡು ಹಾಕಿ.

ಸಂಜೆಗೆ ಹಳೆಯ ಪೇಟೆಯ ಚೌಕ. 1410ರ ಖಗೋಳ ಗಡಿಯಾರದಲ್ಲಿ ಪ್ರತಿ ಗಂಟೆಗೂ ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಯೇಸುವಿನ ಶಿಷ್ಯರ ಗೊಂಬೆಗಳು ಇಣುಕುತ್ತವೆ, ನೋಡುವಷ್ಟರಲ್ಲಿ ಮುಗಿಯುತ್ತದೆ. ನೋಡಿ, ಆದರೆ ಎಲ್ಲರೂ ಕತ್ತೆತ್ತಿದಾಗ ಜೇಬುಗಳ್ಳರು ಕತ್ತೆತ್ತುವುದಿಲ್ಲ.

ಇಲ್ಲಿ ನಡೆಯುವ ನಾಣ್ಯ ಕೊರುನಾ, ಯೂರೊ ಅಲ್ಲ. ಕಮಿಷನ್ ಇಲ್ಲ ಎಂಬ ಫಲಕ ನಂಬಿ ಒಂದು ಅಂಗಡಿಯಲ್ಲಿ ಹಣ ಬದಲಿಸಿ ಕೈ ಸುಟ್ಟುಕೊಂಡೆ. ಅವರ ಲಾಭ ದರದಲ್ಲೇ ಅಡಗಿತ್ತು. 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು ಎಂಬ ಕಾನೂನು 2019ರಿಂದ ಇದೆ, ನನಗೆ ತಿಳಿದದ್ದು ಮರುದಿನ. ರಸೀದಿ ಎಸೆಯಬೇಡಿ. ಎಟಿಎಂ ನಿಮ್ಮ ಊರಿನ ನಾಣ್ಯದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆನ್ನಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಕರಿದ ಚೀಸ್ ಸ್ಮಾಜೆನಿ ಸಿರ್ ಎಲ್ಲೆಡೆ ಸಿಗುತ್ತದೆ. ಆಲೂಗಡ್ಡೆಯ ಸಾರು ಬ್ರಾಂಬೊರಾಚ್ಕಾ ಚಳಿಗೆ ಹೇಳಿ ಮಾಡಿಸಿದ್ದು, ಆದರೆ ಅದರಲ್ಲಿ ಹಂದಿಮಾಂಸದ ಚೂರು ಇದೆಯೇ ಎಂದು ಕೇಳಿಯೇ ತರಿಸಿ.

ಭಾನುವಾರ ಯೋಸೆಫೊವ್ ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳಬೇಡಿ. ಪಿಂಕಸ್ ಸಿನಗಾಗ್‌ನ ಗೋಡೆಗಳ ತುಂಬ ನಾತ್ಸಿಗಳು ಕೊಂದ 77,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ದೂರದಿಂದ ಬೂದು ಬಣ್ಣದ ಗೋಡೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಅಕ್ಷರಗಳು. ಮಹಡಿಯಲ್ಲಿ ನಾತ್ಸಿಗಳ ಟೆರೆಜಿನ್ ಬಂಧನ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳು. ಪಕ್ಕದ ಸ್ಮಶಾನದಲ್ಲಿ ಸುಮಾರು 12,000 ಸಮಾಧಿಗಲ್ಲುಗಳು ಒಂದಕ್ಕೊಂದು ಒರಗಿವೆ. ಅತ್ಯಂತ ಹಳೆಯದು 1439ರದು. ಎರಡನೆಯ ಸಲ ಹೋದಾಗ ಒಂದು ಕಲ್ಲಿನ ನೆತ್ತಿಯ ಮೇಲೆ ಹಿಮ ಕುಳಿತಿತ್ತು. ಯಾರೋ ಅದನ್ನು ಅಂಗೈಯಗಲ ಒರೆಸಿ, ಒಂದು ಬೆಣಚುಕಲ್ಲು ಇಟ್ಟು ಹೋಗಿದ್ದರು.