ಪರದೇಶದಲ್ಲಿ ಬೀಫ್ ಕೊಳ್ಳುವ ಮುನ್ನ ಚೀಟಿ ಓದಿ

ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಬಾಡು ತರುವವರಿಗೆ ಅಂಗಡಿಯವರ ಪರಿಚಯ ಇದ್ದೇ ಇರುತ್ತದೆ. ‘ಎದೆ ಭಾಗ ಒಂದು ಕೇಜಿ, ಜೊತೆಗೆ ಎರಡು ನಲ್ಲಿ ಮೂಳೆ ಹಾಕಿ’ ಅಂದರೆ ಕೆಲಸ ಮುಗಿಯಿತು. ಅದೇ ಜನ ಕೆಲಸಕ್ಕೆಂದು ದುಬೈ, ದೋಹಾ, ರಿಯಾದ್ ಸೇರಿದ ಮೊದಲ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ತಬ್ಬಿಬ್ಬಾಗುತ್ತಾರೆ. ಬ್ರೆಜಿಲ್, ಆಸ್ಟ್ರೇಲಿಯಾ, ಪಾಕಿಸ್ತಾನ, ಭಾರತ ಹೀಗೆ ಊರೂರಿನ ಮಾಂಸ ಸಾಲಾಗಿ ಕೂತಿರುತ್ತದೆ, ಒಂದೊಂದಕ್ಕೆ ಒಂದೊಂದು ದರ. ಅಲ್ಲಿ ಪ್ಯಾಕೆಟ್ಟಿನ ಮೇಲಿನ ಚೀಟಿಯೇ ಗತಿ. ಕೋಲಾರ, ಕೆಜಿಎಫ್ ಕಡೆಯಿಂದ ಹೊಸದಾಗಿ ಹೊರಟವರು ಅದನ್ನು ಹೇಗೆ ಓದಬೇಕು ಅನ್ನುವುದು ಇಲ್ಲಿದೆ.

ಮೊದಲು ಪ್ರಾಣಿ ಯಾವುದೆಂದು ನೋಡಿ

ಅರಬ್ಬಿಯಲ್ಲಿ ‘ಲಹಮ್’ ಎಂದರೆ ಮಾಂಸ. ‘ಲಹಮ್ ಬಕರ್’ ಎಂದರೆ ದನದ ಮಾಂಸ. ಉರ್ದು, ಹಿಂದಿ ಬಲ್ಲವರು ಎಡವುವುದು ಇಲ್ಲೇ: ಬಕರ್ ಅನ್ನು ಬಕ್ರಾ ಎಂದುಕೊಂಡು ಆಡಿನ ಮಾಂಸವೆಂದು ಹೊತ್ತು ತರುತ್ತಾರೆ. ಆಡಿಗೆ ‘ಮಾಇಜ್’, ಕುರಿಗೆ ‘ಘನಮ್’, ಎಮ್ಮೆಗೆ ‘ಜಾಮೂಸ್’. ಬೀಫ್ ತಿನ್ನದವರೂ ಈ ನಾಲ್ಕು ಪದ ಕಲಿತುಕೊಂಡೇ ವಿಮಾನ ಹತ್ತುವುದು ಒಳ್ಳೆಯದು.

‘ಇಂಡಿಯನ್ ಬೀಫ್’ ಎಂದು ಬರೆದಿದ್ದರೆ ಅದು ಎಮ್ಮೆ ಅಥವಾ ಕೋಣದ್ದು. ಹಸುವಿನ ಮಾಂಸವನ್ನು ಹೊರದೇಶಕ್ಕೆ ಕಳಿಸಲು ನಮ್ಮ ಸರ್ಕಾರದ ಅನುಮತಿ ಇಲ್ಲ. ಎಮ್ಮೆಯದಾದರೂ ಮೂಳೆ ತೆಗೆದದ್ದು ಮಾತ್ರ ಹೋಗುತ್ತದೆ. ಕಾಲುಬಾಯಿ ರೋಗದ ವೈರಸ್ ಮೂಳೆ ಮತ್ತು ಗ್ರಂಥಿಗಳಲ್ಲಿ ಉಳಿಯುವ ಸಂಭವವಿದೆ ಎಂದು ಅವನ್ನು ಬೇರ್ಪಡಿಸಿಯೇ ಹೆಪ್ಪುಗಟ್ಟಿಸುತ್ತಾರೆ. ಹಾಗಾಗಿ ನಲ್ಲಿ ಮೂಳೆ ಬೇಕಾದವರು ಭಾರತದ ಪ್ಯಾಕೆಟ್ಟಿನಲ್ಲಿ ಹುಡುಕಿ ಫಲವಿಲ್ಲ. ಕತ್ತರಿಸಿ ಕೊಡುವ ಕೌಂಟರಿಗೆ ಹೋಗಿ ಕೇಳಬೇಕು.

ಚೀಟಿ ಇಲ್ಲದಿದ್ದರೂ ಕೊಬ್ಬು ಗುಟ್ಟು ಬಿಟ್ಟುಕೊಡುತ್ತದೆ. ಎಮ್ಮೆಯ ಕೊಬ್ಬು ಅಚ್ಚ ಬಿಳಿ, ಮಾಂಸ ಕಡುಗೆಂಪು. ಹುಲ್ಲು ಮೇಯ್ದ ದನದ ಕೊಬ್ಬಿನಲ್ಲಿ ಹಳದಿ ಛಾಯೆ ಇರುತ್ತದೆ. ಹಸುವಿನ ತುಪ್ಪ ಹಳದಿ, ಎಮ್ಮೆ ತುಪ್ಪ ಬಿಳಿ ಆಗುವುದಕ್ಕೂ ಇದೇ ಕಾರಣ: ಹಸಿರು ಮೇವಿನ ಕ್ಯಾರೋಟಿನ್ ಹಸುವಿನ ಕೊಬ್ಬಿನಲ್ಲಿ ಹಾಗೇ ಉಳಿಯುತ್ತದೆ, ಎಮ್ಮೆಯ ದೇಹ ಅದನ್ನು ಎ ವಿಟಮಿನ್ ಆಗಿ ಬದಲಿಸಿಕೊಳ್ಳುತ್ತದೆ. ಕಾಳು, ಜೋಳ ತಿಂದು ಬೆಳೆದ ದನದ ಕೊಬ್ಬೂ ಬಿಳಿಯೇ ಆದ್ದರಿಂದ ಬಣ್ಣವೊಂದನ್ನೇ ನಂಬಬೇಡಿ.

ತಾರೀಖು

ಕೊಲ್ಲಿ ದೇಶಗಳ ಚೀಟಿಗಳಲ್ಲಿ ಕೆಲವೊಮ್ಮೆ ಅರಬ್ಬಿ ಅಂಕಿಗಳಷ್ಟೇ ಇರುತ್ತವೆ. ಅಲ್ಲಿನ ಐದು ನಮ್ಮ ಸೊನ್ನೆಯಂತೆ ದುಂಡಗೆ ಕಾಣುತ್ತದೆ. ಸೊನ್ನೆ ಬರೀ ಒಂದು ಚುಕ್ಕಿ. 15ನ್ನು 10 ಎಂದು ಓದುವ ತಪ್ಪು ಆಗುವುದು ಹೀಗೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/07 ಎಂದರೆ ಅಲ್ಲಿ ಏಪ್ರಿಲ್ 7.

ಐರೋಪ್ಯ ಒಕ್ಕೂಟದಲ್ಲಿ ಹುಚ್ಚು ಹಸು ರೋಗದ ನಂತರ ನಿಯಮ ಬಿಗಿಯಾಯಿತು. 2002ರಿಂದ ಬೀಫ್ ಚೀಟಿಯಲ್ಲಿ ದನ ಹುಟ್ಟಿದ, ಬೆಳೆದ, ವಧೆಯಾದ ದೇಶಗಳನ್ನು ನಮೂದಿಸಲೇಬೇಕು. ನರ್ಸಿಂಗ್ ಕೆಲಸಕ್ಕೆಂದು ಜರ್ಮನಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಚಿಲ್ಡ್ ಅಥವಾ ಫ್ರೋಜನ್

ಫ್ರೋಜನ್ ಎಂದರೆ ಮೈನಸ್ 18 ಡಿಗ್ರಿಯಲ್ಲಿ ಕಲ್ಲಾದದ್ದು. ಚಿಲ್ಡ್ ಎಂದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕಾಪಾಡಿದ್ದು. ‘ಪ್ರೀವಿಯಸ್ಲಿ ಫ್ರೋಜನ್’ ಎಂದಿದ್ದರೆ ಹೆಪ್ಪುಗಟ್ಟಿಸಿದ್ದನ್ನು ಕರಗಿಸಿ ಮಾರುತ್ತಿದ್ದಾರೆ ಎಂದರ್ಥ. ಅದನ್ನು ಅಂದೋ ಮಾರನೆಯ ದಿನವೋ ಬೇಯಿಸಿಬಿಡಿ.

ಫ್ರೋಜನ್ ಪ್ಯಾಕೆಟ್ಟಿನ ತಳದಲ್ಲಿ ಕೆಂಪು ಮಂಜುಗಡ್ಡೆ ಕಟ್ಟಿದ್ದರೆ ಮುಟ್ಟಬೇಡಿ. ಅದು ದಾರಿಯಲ್ಲಿ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ. ಬಿಳಿಚಿದ, ಒಣಗಿದ ಮಚ್ಚೆಗಳು ಫ್ರೀಜರಿನ ಗಾಳಿ ತಗುಲಿ ಆದದ್ದು. ತಿಂದರೆ ತೊಂದರೆಯಿಲ್ಲ, ಆ ಭಾಗ ರುಚಿಯಿಲ್ಲದ ನಾರಾಗಿರುತ್ತದೆ, ಕೊಯ್ದು ತೆಗೆಯಿರಿ.

ಗಾಳಿ ಎಳೆದು ಬಿಗಿದ ಚಿಲ್ಡ್ ಪ್ಯಾಕೆಟ್ ನೋಡಿ ಹೊಸಬರು ಬೆಚ್ಚುತ್ತಾರೆ. ಮಾಂಸ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ಬಿಚ್ಚಿದ ಕೂಡಲೇ ಹುಳಿ ವಾಸನೆ. ಆಮ್ಲಜನಕ ಸಿಗದಿದ್ದಾಗ ಮಾಂಸದ ಬಣ್ಣ ಹಾಗೆಯೇ ಇರುವುದು. ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಬಿಟ್ಟರೆ ಕೆಂಪಾಗುತ್ತದೆ, ವಾಸನೆಯೂ ಹೋಗುತ್ತದೆ. ಹೋಗದೆ ನಿಂತರೆ, ಮೇಲ್ಮೈ ಅಂಟಂಟಾಗಿದ್ದರೆ, ಅಂಗಡಿಯಲ್ಲೇ ಪ್ಯಾಕೆಟ್ ಬಲೂನಿನಂತೆ ಉಬ್ಬಿದ್ದರೆ ಕೆಟ್ಟಿದೆ. ಎಷ್ಟೇ ತೊಳೆದರೂ ಮಸಾಲೆ ಸುರಿದರೂ ಅದು ಸರಿಹೋಗುವುದಿಲ್ಲ.

ಸಾರು ಮಾಡಲು ಯಾವ ಭಾಗ?

ದುಬಾರಿಯದೇ ಒಳ್ಳೆಯದು ಎಂಬ ಭ್ರಮೆಗೆ ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲಿ. ಟೆಂಡರ್‌ಲಾಯಿನ್ ಅಂದರೆ ನಮ್ಮ ಕಡೆ ಅಂಡರ್‌ಕಟ್ ಅನ್ನುವ ಭಾಗ, ಎಲ್ಲಕ್ಕಿಂತ ದರ ಹೆಚ್ಚು. ಅದನ್ನು ಮುದ್ದೆಯ ಸಾರಿಗೆ ಹಾಕಿದರೆ ಒಣಗಿ ಹಿಟ್ಟು ಹಿಟ್ಟಾಗುತ್ತದೆ. ಸಾರಿಗೆ ಬೇಕಾದ್ದು ದನ ಹೆಚ್ಚು ದುಡಿಸಿದ ಭಾಗಗಳು: ಹೆಗಲಿನ ‘ಚಕ್’, ಎದೆಯ ‘ಬ್ರಿಸ್ಕೆಟ್’, ಮೀನಖಂಡದ ‘ಶಿನ್’ ಅಥವಾ ‘ಶ್ಯಾಂಕ್’. ಇವುಗಳಲ್ಲಿನ ಜಿಗುಟು ನಾರು ನಿಧಾನ ಉರಿಯಲ್ಲಿ ಕರಗಿ ಸಾರಿಗೆ ಮಂದ ಕೊಡುತ್ತದೆ. ಒಂದೂವರೆ ಇಂಚಿನ ತುಂಡಾದರೆ ಕುಕ್ಕರ್ ಮೊದಲ ಸೀಟಿ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಚಕ್‌ಗೆ 25ರಿಂದ 30 ನಿಮಿಷ, ಶಿನ್‌ಗೂ ಎಮ್ಮೆ ಮಾಂಸಕ್ಕೂ 35ರಿಂದ 40 ನಿಮಿಷ ಬಿಡಿ. ತೊಡೆಯ ‘ಟಾಪ್‌ಸೈಡ್’, ‘ಸಿಲ್ವರ್‌ಸೈಡ್’ಗಳಲ್ಲಿ ಕೊಬ್ಬು ಕಡಿಮೆ. ತೆಳ್ಳಗೆ ಕೊಯ್ದು ಹುರಿಯಲು, ಖೈಮಾ ಮಾಡಲು, ಉಪ್ಪುಕಂಡಕ್ಕೆ ಇವೇ ಸರಿ.

ಚೀಟಿಯ ಪದಾರ್ಥಗಳ ಪಟ್ಟಿಯಲ್ಲಿ ನೀರು, ಉಪ್ಪು, ಫಾಸ್ಫೇಟ್ ಇದ್ದರೆ ಮಾಂಸಕ್ಕೆ ಉಪ್ಪುನೀರು ಚುಚ್ಚಿದ್ದಾರೆ. ತೂಕಕ್ಕೆ ನೀರಿನ ದುಡ್ಡೂ ಸೇರಿದೆ, ಸಾರಿಗೆ ಉಪ್ಪು ಹಾಕುವಾಗಲೂ ಕೈ ಹಿಡಿಯಬೇಕು.

ಮನೆಗೆ ತಂದ ಮೇಲೆ

ಕೊಲ್ಲಿಯ ಬೇಸಿಗೆಯಲ್ಲಿ ಮಾಂಸವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಂಡು ನೇರ ಮನೆಗೆ ಹೋಗಿ. 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡುವಂತಿಲ್ಲ. ಒಂದು ಹೊತ್ತಿಗೆ ಬೇಕಾದಷ್ಟೇ, ಅರ್ಧರ್ಧ ಕೇಜಿ ಚಪ್ಪಟೆ ಪೊಟ್ಟಣ ಕಟ್ಟಿ ಫ್ರೀಜರಿಗಿಡಿ. ಕರಗಿಸುವುದು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ. ಅವಸರವಿದ್ದರೆ ಪೊಟ್ಟಣ ಬಿಚ್ಚದೆ ತಣ್ಣೀರಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕೇಜಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬಿಸಿನೀರು ಬೇಡ, ಒಳಗೆ ಕಲ್ಲಾಗಿರುವಾಗಲೇ ಹೊರಮೈಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ರಜೆಗೆ ಊರಿಗೆ ಬರುವಾಗ ಬೀಫ್ ಡಬ್ಬಿ, ಸಾಸೇಜು, ಒಣ ಮಾಂಸ ಸೂಟ್‌ಕೇಸಿಗೆ ಹಾಕಬೇಡಿ. ಯಾವ ರೂಪದ ಬೀಫನ್ನೂ, ಬೀಫ್ ಬೆರೆತ ಪದಾರ್ಥವನ್ನೂ ಭಾರತಕ್ಕೆ ಆಮದು ಮಾಡುವುದು ನಿಷಿದ್ಧ. ಊರಿನ ಉಪ್ಪುಕಂಡವನ್ನು ಯುರೋಪಿಗೆ ಒಯ್ಯುವುದೂ ಆಗದು. ಹೊರಗಿನಿಂದ ಬರುವವರು ಚೀಲದಲ್ಲಿ ಮಾಂಸ, ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಂಡು ನಾಶ ಮಾಡುತ್ತಾರೆ.