ನಂದಿಯ ಕಲ್ಯಾಣಿಯನ್ನು ಕಾಗದಕ್ಕಿಳಿಸುವ ಬಗೆ

ನಂದಿ ಬೆಟ್ಟಕ್ಕೆ ಬಂದವರಲ್ಲಿ ಹೆಚ್ಚಿನವರು ಮೇಲೆ ಮಂಜು ನೋಡಿ, ತಿಂಡಿ ತಿಂದು, ಮನೆಗೆ ಹೊರಡುವ ಮುನ್ನ ಬುಡದಲ್ಲಿರುವ ಭೋಗನಂದೀಶ್ವರನ ದೇವಸ್ಥಾನಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಸ್ಕೆಚ್ ಪುಸ್ತಕ ಹಿಡಿದವರು ಇದನ್ನು ಉಲ್ಟಾ ಮಾಡಿಕೊಳ್ಳುವುದು ವಾಸಿ. ಬೆಳಿಗ್ಗೆಯೇ ನಂದಿ ಗ್ರಾಮಕ್ಕೆ ಬನ್ನಿ, ಬೆಟ್ಟ ಆಮೇಲೆ ನೋಡಿದರಾಯಿತು. ಗುಡಿಯ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಓರೆಯಾಗಿ ಬಿದ್ದಾಗಲೇ ಕಲ್ಲಿನ ಕೆತ್ತನೆ ಎದ್ದು ಕಾಣುವುದು. ಹನ್ನೊಂದರ ಮೇಲೆ ಬಿಸಿಲು ನೆತ್ತಿಗೇರಿ ಎಲ್ಲ ಚಪ್ಪಟೆಯಾಗುತ್ತದೆ, ಹಾಸುಗಲ್ಲೂ ಕಾಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ ಒಂದು ಜೊತೆ ದಪ್ಪ ಕಾಲುಚೀಲ ಇರಲಿ.

ಮೊದಲ ಸಲ ಹೋದವರ ಕೈ ನೇರವಾಗಿ ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳ ಕಡೆಗೇ ಹೋಗುತ್ತದೆ. ಬೇಡ. ಒಂದೊಂದು ಕಂಬದಲ್ಲೂ ಬಳ್ಳಿ, ಹಕ್ಕಿ, ಮೂರ್ತಿ ಕಿಕ್ಕಿರಿದಿವೆ. ಅರ್ಧ ಗಂಟೆಯಲ್ಲಿ ಮೂರು ಇಂಚು ಮುಗಿಸಿ ಕೈಚೆಲ್ಲುತ್ತೀರಿ. ಕಲ್ಯಾಣಿಯಿಂದ ಶುರು ಮಾಡಿ. ಬರೀ ಸರಳರೇಖೆ, ನೆರಳು, ನೀರು. ಕಣ್ಣಳತೆ ಪಳಗಲು ಇಷ್ಟು ಸಾಕು.

ಸಾಮಾನು ಹೆಚ್ಚು ಬೇಡ. ಎ5 ಅಳತೆಯ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ದಪ್ಪ ಹಾಳೆಗಳ ಪುಸ್ತಕ, ಒಂದು 2ಬಿ ಪೆನ್ಸಿಲ್, ನೀರಿಗೆ ಕರಗದ ಶಾಯಿಯ 0.3 ಪೆನ್, ನೀರು ತುಂಬುವ ಬ್ರಷ್, ಎರಡೇ ಬಣ್ಣ: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು. ಜೆಲ್ ಪೆನ್ ತಂದರೆ ಬಣ್ಣ ತಾಗಿದ ಕೂಡಲೇ ಗೆರೆ ಕದಡುತ್ತದೆ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ 10 × 7 ಸೆಂ.ಮೀ. ಕಿಟಕಿ ಕತ್ತರಿಸಿಟ್ಟುಕೊಳ್ಳಿ. ಎ5 ಹಾಳೆಯ ಉದ್ದ-ಅಗಲದ ಪ್ರಮಾಣವೂ ಹೆಚ್ಚುಕಡಿಮೆ ಅದೇ, ಹಾಗಾಗಿ ಕಿಟಕಿಯಲ್ಲಿ ಕಂಡದ್ದು ಹಾಳೆಯಲ್ಲಿ ಹಾಗೆಯೇ ಕೂರುತ್ತದೆ. ತಿಂಡಿ ಪೊಟ್ಟಣವನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ಕೋತಿಗಳಿವೆ.

ದಂಡೆಯ ಮೇಲೆ ನೆರಳಿರುವ ಕಡೆ ಕೂರಿ. ಬಿಳಿ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ, ಗಾಢ ಹಾಕಬೇಕಾದಲ್ಲೂ ತೆಳುವಾಗಿ ಹಾಕುತ್ತೀರಿ. ಮನೆಯಲ್ಲಿ ನೋಡಿದರೆ ಚಿತ್ರ ಪೇಲವ. ಒಮ್ಮೆ ಕೂತ ಮೇಲೆ ಜಾಗ ಬದಲಿಸಬೇಡಿ. ಎದ್ದು ನಿಂತರೆ ಕಣ್ಣಿನ ಮಟ್ಟ ಎರಡು ಅಡಿ ಮೇಲೇರಿ ಎಲ್ಲ ಮೆಟ್ಟಿಲುಗಳ ಲೆಕ್ಕವೂ ತಪ್ಪುತ್ತದೆ. ಮೊದಲ ಗೆರೆಯೇ ಈ ಕಣ್ಣಮಟ್ಟದ್ದು: ಹಾಳೆಯ ಮೇಲಿನ ಮೂರನೇ ಒಂದು ಭಾಗದ ಸುಮಾರಿಗೆ, ತೆಳುವಾಗಿ, ಅಡ್ಡಕ್ಕೆ ಎಳೆದಿಡಿ.

ಅಳತೆಗೆ ಪೆನ್ಸಿಲ್ಲೇ ಗಜಕಡ್ಡಿ. ತೋಳು ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ, ಎದುರು ದಂಡೆಯಾಚೆಯ ಒಂದು ಕಂಬದ ಎತ್ತರವನ್ನು ಹೆಬ್ಬೆರಳಿನಿಂದ ಗುರುತು ಮಾಡಿ. ಎದುರು ದಂಡೆಯ ಅಗಲ ಅಂಥ ಎಷ್ಟು ಕಂಬ? ನೀರಿನ ಅಂಚಿನವರೆಗೆ ಇಳಿಯಲು ಎಷ್ಟು? ಇವೆರಡು ಗೊತ್ತಾದರೆ ಚೌಕಟ್ಟು ನಿಂತಂತೆ. ಮೊಣಕೈ ಒಮ್ಮೆ ಮಡಿಸಿ ಒಮ್ಮೆ ಚಾಚಿದರೆ ಅಳತೆಗೊಂದು ಅಳತೆ ಬರುತ್ತದೆ.

ಇನ್ನು ಮೆಟ್ಟಿಲು. ನೂರಕ್ಕೆ ತೊಂಬತ್ತು ಚಿತ್ರ ಕೆಡುವುದು ಇಲ್ಲೇ ಎಂದರೂ ತಪ್ಪಲ್ಲ. ಮೆಟ್ಟಿಲೆಂದರೆ ಸಮಾನ ಅಂತರದ ಗೆರೆಗಳೆಂದು ತಲೆ ಹೇಳುತ್ತದೆ, ಕೈ ಅದನ್ನೇ ಕೇಳುತ್ತದೆ. ಕಣ್ಣಿಗೆ ಕಾಣುವುದು ಬೇರೆ. ನಿಮ್ಮ ಕಾಲ ಬುಡದ ಸಾಲಿನಲ್ಲಿ ಕಾಲಿಡುವ ಹಾಸು ಮಾತ್ರ ಕಾಣುತ್ತದೆ. ಮೆಟ್ಟಿಲಿನ ಎದುರುಮುಖ ನೀರಿನ ಕಡೆ ತಿರುಗಿರುವುದರಿಂದ ಕಾಣುವುದೇ ಇಲ್ಲ. ಎದುರು ದಂಡೆಯಲ್ಲಿ ಆ ಮುಖ ನಿಮ್ಮ ಕಡೆಗಿದೆ, ಎರಡೂ ಕಾಣುತ್ತವೆ. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಮೇಲಿನ ಮೆಟ್ಟಿಲು ಕಣ್ಣಮಟ್ಟಕ್ಕೆ ಹತ್ತಿರವಾದ್ದರಿಂದ ಅದರ ಹಾಸು ದಾರದಷ್ಟು ತೆಳು, ಕೆಳಗಿಳಿದಂತೆ ಹಾಸು ಅಗಲವಾಗುತ್ತದೆ. ಎಡಬಲದ ದಂಡೆಗಳ ಗೆರೆಗಳು, ನೀವು ಎದುರು ದಂಡೆಗೆ ನೇರವಾಗಿ ಮುಖಮಾಡಿ ಕೂತಿದ್ದರೆ, ಕಣ್ಣಮಟ್ಟದ ಗೆರೆಯ ಮೇಲೆ ಒಂದೇ ಚುಕ್ಕಿಯತ್ತ ಓಡುತ್ತವೆ. ಆ ಚುಕ್ಕಿ ಇಟ್ಟುಕೊಂಡು ಮೊದಲ ಮತ್ತು ಕೊನೆಯ ಮೆಟ್ಟಿಲಿನ ಗೆರೆ ಎಳೆಯಿರಿ, ನಡುವಿನವನ್ನು ಆಮೇಲೆ ತುಂಬಿ. ಎಲ್ಲ ಮೆಟ್ಟಿಲನ್ನೂ ಎಣಿಸಿ ಬರೆಯುವ ಹಟ ಬೇಡ. ನಾಲ್ಕೈದು ಸಾಲು ಸ್ಪಷ್ಟವಾಗಿದ್ದು ಉಳಿದವು ಅಲ್ಲಲ್ಲಿ ತುಂಡಾದರೆ ಕಲ್ಯಾಣಿ ಇನ್ನೂ ಆಳವಾಗಿ ಕಾಣುತ್ತದೆ.

ನೀರಿದ್ದರೆ ಬಿಂಬಕ್ಕೂ ಲೆಕ್ಕವಿದೆ. ಬಿಂಬ ಸದಾ ವಸ್ತುವಿನ ನೇರ ಕೆಳಗೆ ಬೀಳುತ್ತದೆ, ಅದರ ಅಳತೆ ಶುರುವಾಗುವುದು ನೀರಿನ ಮಟ್ಟದಿಂದ. ಅಂಚಿನಲ್ಲೇ ಇರುವ ಮೆಟ್ಟಿಲು ಚೆನ್ನಾಗಿ ಮೂಡುತ್ತದೆ. ಹಿಂದೆ ಸರಿದು ನಿಂತ ಗೋಡೆ, ಕಂಬಗಳ ಬುಡವನ್ನು ಮೆಟ್ಟಿಲೇ ಮರೆಮಾಡುವುದರಿಂದ ನೀರಿನಲ್ಲಿ ಅವುಗಳ ಮೇಲ್ಭಾಗ ಮಾತ್ರ ಸಿಗುತ್ತದೆ. ಬೆಳ್ಳಗಿನದು ನೀರಿನಲ್ಲಿ ಸ್ವಲ್ಪ ಕಂದುತ್ತದೆ, ಕಪ್ಪಗಿನದು ಸ್ವಲ್ಪ ತಿಳಿಯಾಗುತ್ತದೆ.

ಪೆನ್ನು ಹಿಡಿಯುವ ಮೊದಲು ನೆರಳಿನ ಅಂಚುಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆರಳಿನ ಬೆನ್ನು ಹತ್ತಿ ತಿದ್ದುತ್ತಾ ಹೋದರೆ ಚಿತ್ರದಲ್ಲಿ ಎರಡು ಸೂರ್ಯ ಇದ್ದಂತಾಗುತ್ತದೆ. ಗುರುತಾದ ನೆರಳೇ ಕೊನೆಯವರೆಗೂ ಇರಲಿ.

ಗ್ರಾನೈಟಿಗೆ ಕಪ್ಪು ಬಣ್ಣ ಮುಟ್ಟಲೇಬೇಡಿ, ಕಲ್ಲು ಸಿಮೆಂಟಿನಂತಾಗುತ್ತದೆ. ಎರಡು ಬಣ್ಣ ಬೆರೆಸಿದರೆ ಬೂದು ಬಣ್ಣ ಬರುತ್ತದೆ: ಬಿಸಿಲಿನ ಭಾಗಕ್ಕೆ ಸಿಯೆನ್ನಾ ಹೆಚ್ಚು, ನೀರು ಹೆಚ್ಚು, ನೆರಳಿಗೆ ನೀಲಿ ಹೆಚ್ಚು, ನೀರು ಕಡಿಮೆ. ತೀರಾ ಬೆಳಕಿನ ಹಾಸುಗಳಿಗೆ ಹಾಳೆಯ ಬಿಳಿಯೇ ಸಾಕು. ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲಿಗೆ ಬಣ್ಣ ಹಚ್ಚುತ್ತಿದ್ದಂತೆಯೇ ಒಣಗಿ ಅಂಚು ಗಟ್ಟಿಯಾಗುತ್ತದೆ. ದೊಡ್ಡ ನೆರಳಿನ ಜಾಗವನ್ನು ಮೊದಲು ಬರೀ ನೀರಿನಿಂದ ತೇವ ಮಾಡಿಕೊಳ್ಳಿ. ಡಿಸೆಂಬರಿನ ಮಂಜಿನಲ್ಲಿ ಇದರ ವಿರುದ್ಧ, ಮೊದಲ ಪದರ ಒಣಗದೆ ಎರಡನೆಯದು ಹಚ್ಚಿ ಕೆಸರು ಮಾಡಿಕೊಳ್ಳುವವರೇ ಹೆಚ್ಚು. ಹಾಳೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ.

ಇಷ್ಟಾದ ಮೇಲೆ ಸಮಯವಿದ್ದರೆ ಒಳಗಿನ ಕಂಬಕ್ಕೆ ಬನ್ನಿ. ಒಂಬತ್ತನೇ ಶತಮಾನದಿಂದ ವಿಜಯನಗರದ ಕಾಲದವರೆಗೆ ಬೇರೆಬೇರೆ ಅರಸರ ಕೈಯಲ್ಲಿ ಬೆಳೆದ ಗುಡಿ ಇದು, ಕಂಬಗಳೂ ಒಂದೇ ಅಚ್ಚಿನವಲ್ಲ. ಒಂದನ್ನು ಬರೆದು ಉಳಿದಕ್ಕೆ ನಕಲು ಮಾಡಿದರೆ ಗೊತ್ತಾಗಿಬಿಡುತ್ತದೆ. ಪೀಠ, ಕಾಂಡ, ಬೋದಿಗೆ (ಕಂಬದ ತಲೆಭಾಗ) ಎಂದು ಮೂರು ಪಾಲು ಮಾಡಿ, ಬೆಳಕು ಬಿದ್ದ ಒಂದೇ ಪಟ್ಟಿಯಲ್ಲಿ ಕೆತ್ತನೆ ತೋರಿಸಿ, ಮಿಕ್ಕದ್ದು ಬರೀ ನೆರಳಾಗಿರಲಿ. ಕಲ್ಲಿನ ಮೇಲೆ ಹಾಳೆ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಹೋಗಬೇಡಿ. ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ.

ಮನೆಗೆ ಬಂದು ಮೊಬೈಲ್ ಫೋಟೊ ನೋಡಿ ಅಳತೆ ತಿದ್ದುವ ಆಸೆಯಾಗುತ್ತದೆ. ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದು ಮೊಬೈಲಿನ ಅಗಲ ಲೆನ್ಸಿನ ಗುಣ, ಅದರಲ್ಲಿ ಎದುರು ದಂಡೆ ಕಡ್ಡಿಯಷ್ಟಾಗಿರುತ್ತದೆ. ಕೆತ್ತನೆಯ ವಿವರಕ್ಕೆ ಬೇಕಾದರೆ ಫೋಟೊ ನೋಡಿ. ಅಳತೆ ಮಾತ್ರ ಅಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಹಿಡಿದದ್ದೇ ಇರಲಿ.